ಟವೆಲ್ಲು ಹಿಡಿದ ಕೈ

ಆ ಕೈ ಯಾರದೆಂದು ಮೇಡಂಗೆ ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮರುಗಳಿಗೆಯೇ ಅನ್ನಿಸಿತು.

ಪತ್ರಿಕೆಯಿಂದ ಕತ್ತರಿಸಿದ ಫೋಟೋ ಅದು. ಬಸ್ ಡಿಪೋದ ಸೀಟು ಹೊಲಿಯುವ ವಿಭಾಗದಲ್ಲಿ, ರೆಕ್ಸಿನ್ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಹೊಲಿಗೆ ಯಂತ್ರದ ದೀಪದ ಕೆಳಗೆ ಅದನ್ನು ಹರಡಿಕೊಂಡು ಮೇಡಂ ನೋಡುತ್ತಿದ್ದರು. ಗೆದ್ದ ಡಿಪೋ ತಂಡ. ಮೆಕ್ಯಾನಿಕ್ಕು, ಡ್ರೈವರು, ಕಂಡಕ್ಟರು, ಎಲ್ಲರ ಬಾಯಿ ಕಿವಿಯವರೆಗೆ. ನಡುವೆ, ಎಲ್ಲರ ತೋಳುಗಳ ಒಳಗೆ, ಗೋಲ್‌ಕೀಪರ್. ಅವನ ಮುಖ ಮಾತ್ರ ಕಾಣುವುದಿಲ್ಲ. ಪಕ್ಕದಿಂದ ಚಾಚಿದ ಕೈಯೊಂದು ಟವೆಲ್ಲು ಹಿಡಿದು ಅವನ ಬೆವರು ಒರೆಸುತ್ತಿದೆ.

ನೋಡಿದವರು ಏನೆನ್ನುತ್ತಾರೆ? ಪ್ರೀತಿ ಎನ್ನುತ್ತಾರೆ. ಊರಿನವರೂ ಹಾಗೇ ಅಂದಿದ್ದರು.

ಆ ಗೋಲ್‌ಕೀಪರ್, ಊರೆಲ್ಲ ‘ಗೋಡೆ’ ಎಂದು ಕರೆಯುವ ಟೈರ್ ಫಿಟ್ಟರು, ಕಳೆದ ವಾರ ಪಾಳಿ ಮುಗಿಸಿ ಹೊರಟವನು ಮನೆ ಸೇರಿರಲಿಲ್ಲ. ಈ ಭಾನುವಾರ ರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನಲ್ಲಿ ಡಿಪೋ ತಂಡದ ಎದುರು ಆಡಲು ರಾಜಧಾನಿಯ ದೊಡ್ಡ ಕ್ಲಬ್ಬು ಬರುವುದಿತ್ತು.

ಸೀಟು ಹೊಲಿಯುತ್ತಿದ್ದವಳು ಗೋಡೆಯ ಹೆಂಡತಿಯೇ. ಗಂಡ ಕಾಣೆಯಾದ ಮೇಲೆ ರಜೆ ಹಾಕು ಎಂದು ಎಲ್ಲರೂ ಹೇಳಿದರಂತೆ; ಮನೆಯಲ್ಲಿ ಕೂತರೆ ಗೋಡೆ ನೋಡಬೇಕು, ಇಲ್ಲಾದರೆ ಸೂಜಿ ನೋಡಬಹುದು ಎಂದು ಆಕೆ ಕೆಲಸಕ್ಕೆ ಬಂದಿದ್ದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಅರ್ಧ ನಕ್ಕು, ಅರ್ಧದಲ್ಲೇ ನಿಲ್ಲಿಸಿದಳು.

ನಿಮ್ಮವರಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲವೇ ಎಂದು ಮೇಡಂ ಕೇಳಿದರು.

“ಆಗ್ತಿರಲಿಲ್ವಾ? ಫೋಟೋ ಅಂದ್ರೆ ಪ್ರಾಣ ಮೇಡಂ. ಅಲ್ಲಿ ನೋಡಿ.”

ಕಪಾಟಿನ ಬಾಗಿಲಿಗೆ ಅಂಟಿಸಿದ ಹಳೆಯ ಫೋಟೋಗಳನ್ನು ಆಕೆ ತೋರಿಸಿದಳು. ಹಿಂದಿನ ಸುತ್ತು, ಅದಕ್ಕೂ ಹಿಂದಿನ ಸುತ್ತು. ಎಲ್ಲದರಲ್ಲೂ ಗೋಡೆ ಮುಂದಿನ ಸಾಲಿಗೆ ನುಗ್ಗಿ ನಿಂತಿದ್ದಾನೆ, ಮೂವತ್ತೆರಡೂ ಹಲ್ಲು ಕಾಣುವ ಹಾಗೆ. ಕೊನೆಯ ಫೋಟೋದಲ್ಲಿ ಮಾತ್ರ ಟವೆಲ್ಲು. ಅಂದರೆ ಆ ಎರಡು ಪಂದ್ಯಗಳ ನಡುವೆ ಯಾರಿಗೋ ಏನೋ ಗೊತ್ತಾಗಿದೆ. ಮುಖ ಮುಚ್ಚುವಂಥದ್ದು.

ಯಾರಿಗೆ ಎಂಬುದೂ ಇಲ್ಲೇ ಇತ್ತು. ಟವೆಲ್ಲಿನ ಅಂಚಿನಲ್ಲಿ ಕಾಣುತ್ತಿದ್ದ ಕಿರುಬೆರಳು ಸೊಟ್ಟಗೆ ಹೊರಕ್ಕೆ ಬಾಗಿತ್ತು, ಉಳಿದ ಬೆರಳುಗಳ ಜೊತೆ ಜಗಳವಾಡಿಕೊಂಡ ಹಾಗೆ.

ಆ ಬೆರಳು ಮುರಿದದ್ದೇ ಮೇಡಂ.

ಆಗ ಅವರು ಮೇಡಂ ಆಗಿರಲಿಲ್ಲ. ಅಳತೆ ಮೀರಿದ ಖಾಕಿ ತೊಟ್ಟು ಮೈದಾನದ ಗೇಟಿನಲ್ಲಿ ಜನ ತಡೆಯುತ್ತಿದ್ದ ಹೊಸ ಕಾನ್‌ಸ್ಟೇಬಲ್. ಡಿಪೋ ತಂಡದ ಬಲಗಡೆ ಓಡುವ ಹುಡುಗ ತಡವಾಗಿ ಬಂದು, ನಾನು ಆಟಗಾರ ಎಂದು ಕೂಗಿದ್ದ. ಎಲ್ಲರೂ ಹಾಗೇ ಕೂಗುತ್ತಿದ್ದರು. ಇವರು ಗೇಟು ದೂಡಿದರು. ಅವನ ಕೈ ಒಳಗಿತ್ತು. ತಮ್ಮ ಕರವಸ್ತ್ರ ಹರಿದು ಕಟ್ಟಿ, ಅಳುತ್ತ ಕ್ಷಮೆ ಕೇಳಿದ್ದರು. ಕಾಲಲ್ಲಿ ಆಡೋ ಆಟ ತಾನೆ, ಕೈ ನೀವೇ ಇಟ್ಕೊಳ್ಳಿ ಎಂದು ಅವನು ನಕ್ಕಿದ್ದ. ಆ ಒಂದು ಮಾತಿನ ಮೇಲೆ ಒಂದು ಹೆಣ್ಣುಜೀವ ಇಷ್ಟು ವರ್ಷ ನಿಂತಿದೆ ಎಂದರೆ ಯಾರೂ ನಂಬುವುದಿಲ್ಲ, ಬಿಡಿ.

ಈಗ ಆ ಹುಡುಗ ಡಿಪೋ ತಂಡದ ಕೋಚು. ಎಲ್ಲರ ಬಾಯಲ್ಲೂ ಮೇಷ್ಟ್ರು. ಗೋಡೆಯನ್ನು ಹುಡುಕಿಕೊಡಿ ಎಂದು, ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಮೇಡಂಗೆ ಫೋನು ಮಾಡಿ ಕರೆಸಿದ್ದೂ ಅವರೇ.

ಮೇಡಂ ಫೋಟೋ ಮಡಿಸಿದರು. ಕಣ್ಣು ಬೇರೆ ಕಡೆ ತಿರುಗಿಸಿಕೊಂಡು, ಗೋಡೆಯ ಪೆಟ್ಟಿಗೆಯಲ್ಲಿ ಏನೇನು ಉಳಿದಿದೆ ಎಂದು ಮತ್ತೊಮ್ಮೆ ಕೇಳಿದರು. ಬೂಟು ಇದೆ, ಕಾಲುಚೀಲ ಇದೆ, ಕೈಗವಸು ಮಾತ್ರ ಇಲ್ಲ ಎಂದಳು ಹೆಂಡತಿ. ಅಂಗೈಗೆ ಬಸ್ ಸೀಟಿನ ಸ್ಪಂಜು ಇಟ್ಟು ಆಕೆಯೇ ಹೊಲಿದುಕೊಟ್ಟದ್ದಂತೆ.

ಮನುಷ್ಯನನ್ನು ಹೊತ್ತುಕೊಂಡು ಹೋಗುವವರು ಪೆಟ್ಟಿಗೆ ತೆರೆದು ಹೆಂಡತಿ ಹೊಲಿದ ಕೈಗವಸು ಹುಡುಕುವುದಿಲ್ಲ. ಗೋಡೆ ತನ್ನ ಕಾಲ ಮೇಲೆ ತಾನೇ ಹೋಗಿದ್ದ. ಬೂಟು ಇಲ್ಲೇ ಬಿಟ್ಟು, ಬೇಗ ಬರುತ್ತೇನೆ ಎಂದುಕೊಂಡು ಹೋಗಿದ್ದ.

“ಭಾನುವಾರದೊಳಗೆ ಸಿಗ್ತಾರಾ ಅಂತ ಎಲ್ರೂ ಕೇಳ್ತಾರೆ ಮೇಡಂ,” ಎಂದಳು ಹೆಂಡತಿ, ಯಂತ್ರದ ಚಕ್ರ ಹಿಡಿದು ನಿಲ್ಲಿಸಿ. “ನನಗೆ ಭಾನುವಾರ ಬೇಡ. ಕಪ್ಪು ಯಾರಾದ್ರೂ ತಗೊಳ್ಳಲಿ. ಟೈರ್ ವಾಸನೆ ಇಲ್ದೆ ನಿದ್ದೆ ಬರ್ತಿಲ್ಲ ಅಂದ್ರೆ ನೀವು ನಗ್ತೀರೇನೋ.”

ಮೇಡಂ ನಗಲಿಲ್ಲ. ಒಬ್ಬ ಮನುಷ್ಯನ ವಾಸನೆಗೆ ಹಂಬಲಿಸುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಕೆಯ ಭುಜ ಮುಟ್ಟಿ, ಇವತ್ತೇ ಏನಾದರೂ ತಿಳಿಯಬಹುದು ಎಂದಷ್ಟೇ ಹೇಳಿ ಹೊರಗೆ ಬಂದರು.

ಹೊರಗೆ ಡಿಪೋ ತನ್ನ ಪಾಡಿಗೆ ಗುಡುಗುತ್ತಿತ್ತು. ಗುಂಡಿಯ ಮೇಲೆ ನಿಲ್ಲಿಸಿದ ಬಸ್ಸಿನ ಅಡಿಯಿಂದ ಯಾರೋ ಸ್ಪ್ಯಾನರ್ ಕೇಳುತ್ತಿದ್ದ. ತೊಳೆಯುವ ಕಟ್ಟೆಯಿಂದ ಸಾಬೂನು ನೀರು ಹರಿದು ಮೈದಾನದ ಮೂಲೆಗೆ ಸೇರುತ್ತಿತ್ತು. ಕಾರ್ನರ್ ಕಿಕ್ ಹೊಡೆಯುವವನು ಅಲ್ಲಿ ಜಾರಿಬೀಳುವುದು ಈ ಮೈದಾನದ ಪದ್ಧತಿ. ಮನೆಯವರಿಗೆ ಅಭ್ಯಾಸ, ಬಂದವರಿಗೆ ಬಹುಮಾನ.

ಈ ಕಪ್ಪಿನ ಸೊಗಸೇ ಅದು. ಒಂದು ಸಲ ಸೋತರೆ ಮನೆಗೆ. ಸಂಬಳಕ್ಕೆ ಆಡುವ ದೊಡ್ಡ ಕ್ಲಬ್ಬೂ ಒಂದೇ, ಸಂಜೆ ಗ್ರೀಸು ತೊಳೆದುಕೊಂಡು ಬೂಟು ಕಟ್ಟುವ ಡಿಪೋದವರೂ ಒಂದೇ. ಚೀಟಿ ಎತ್ತಿದಾಗ ಯಾರ ಅಂಗಳಕ್ಕೆ ಯಾರು ಬೇಕಾದರೂ ಬರಬೇಕು. ಈ ಸಲ ರಾಜಧಾನಿಯವರು ಸಾಬೂನು ನೀರಿನ ಮೂಲೆಗೆ ಬರುವವರಿದ್ದರು. ಊರಿನವರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಗೋಲಿನ ಬಾಯಲ್ಲಿ ಎರಡನೇ ಗೋಲ್‌ಕೀಪರ್ ನಿಂತಿದ್ದ. ಕೆಲಸದಲ್ಲಿ ಟಿಕೆಟ್ ತಪಾಸಣೆ. ಅದಕ್ಕೇ ಹೆಸರು ‘ಚೆಕಿಂಗು’. ಗೋಡೆ ಹೋದರೆ ಯಾರಿಗೆ ಲಾಭ ಎಂಬ ಲೆಕ್ಕದಲ್ಲಿ ಇಡೀ ಡಿಪೋ ಇವನ ಕಡೆ ಬೆರಳು ತೋರಿಸಿತ್ತು. ಅವನೋ, ಮೇಡಂ ಕಂಡೊಡನೆ ಓಡಿಬಂದು ಏನಾದರೂ ಸುಳಿವು ಸಿಕ್ಕಿತೇ ಎಂದು ಕೇಳಿದ. ರಾಜಧಾನಿಯ ಮುಂಚೂಣಿ ಆಟಗಾರ ಹೊಡೆದ ಚೆಂಡು ಬಲೆ ಹರಿದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅನ್ನ ಸೇರುತ್ತಿಲ್ಲವಂತೆ. ತಾನು ಬೆಂಚಿಗೇ ಹುಟ್ಟಿದವನು, ಬೆಂಚಿನಿಂದ ಆಟ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಎದ್ದವನಿಗೇ ಗೊತ್ತು ಎಂದು ಅಲವತ್ತುಕೊಂಡ. ಇಂಥವನು ಯಾರನ್ನು ಅಪಹರಿಸಿಯಾನು?

ಮೇಡಂ ಅವನ ಕಾಲ ಬಳಿ ನೋಡಿದರು. ಗೋಲಿನ ನಟ್ಟನಡುವಿನಿಂದ ಹೊರಟ ಒಂದು ಗೀರು ಮಣ್ಣಿನಲ್ಲಿತ್ತು, ತುದಿಯಲ್ಲಿ ಕುಡುಗೋಲಿನಂತೆ ಎಡಕ್ಕೆ ಬಾಗಿ. ಗೋಲ್‌ಕೀಪರ್‌ಗಳು ಹಿಮ್ಮಡಿಯಿಂದ ಹಾಗೆ ಗೀರಿಕೊಳ್ಳುವುದುಂಟು. ಹಿಂದೆ ತಿರುಗಿ ನೋಡದೆ ತಾನೆಲ್ಲಿ ನಿಂತಿದ್ದೇನೆ ಎಂದು ತಿಳಿಯಲು. ಎಲ್ಲರೂ ನೇರ ಗೀರುತ್ತಾರೆ. ಕೊನೆಗೆ ಕೊಕ್ಕೆ ಹಾಕುವವನು ಗೋಡೆಯೊಬ್ಬನೇ ಎಂದಿದ್ದ ಚೆಕಿಂಗು. ಅದನ್ನು ಅಳಿಸಲು ಮನಸ್ಸಾಗದೆ ತಾನು ಅದರ ಪಕ್ಕ ನಿಲ್ಲುತ್ತಿದ್ದ, ಪಾಪ.

ಅದೇ ಕೊಕ್ಕೆಯನ್ನು ಮೇಡಂ ಮೊನ್ನೆ ಇನ್ನೊಂದು ಮೈದಾನದಲ್ಲಿ ನೋಡಿದ್ದರು. ನೋಡಿ ಬಂದು ಯಾರಿಗೂ ಹೇಳಿರಲಿಲ್ಲ.

ಗೋಡೆ ಈ ಡಿಪೋಕ್ಕೆ ಬಂದದ್ದು ಈ ವರ್ಷವೇ, ವರ್ಗವಾಗಿ. ಮೊದಲಿದ್ದದ್ದು ಹೆಂಡತಿಯ ತವರಿನ ಡಿಪೋದಲ್ಲಿ. ಮೇಡಂ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದರು, ಅವನು ಅಲ್ಲೇನಾದರೂ ಅಡಗಿದ್ದಾನೆಯೇ ಎಂದು. ಅವನಿರಲಿಲ್ಲ, ಗೀರು ಇತ್ತು. ಈಗಿನ ಗೋಲ್‌ಕೀಪರ್ ಅವನ ಶಿಷ್ಯ, ಗುರುವಿನ ಕೊಕ್ಕೆಯನ್ನೇ ಗೀರುತ್ತಿದ್ದ. ನಮ್ಮ ಅಣ್ಣ ಈ ಸಲದ ಕಪ್ಪಿನಲ್ಲಿ ಮೊದಲ ಸುತ್ತು ನಮಗೇ ನಿಂತಿದ್ದ, ಗಾಳಿ ಕೈಕೊಟ್ಟಿತು, ಸೋತೆವು, ಆಮೇಲೆ ವರ್ಗ ಆಯಿತು ಎಂದು ಅವನು ಎದೆಯುಬ್ಬಿಸಿ ಹೇಳಿದ. ಹೇಳಬಾರದ್ದನ್ನು ಹೇಳುತ್ತಿದ್ದೇನೆ ಎಂಬ ಅಂಜಿಕೆಯೇ ಇರಲಿಲ್ಲ.

ಅಂಜಿಕೆ ಇಲ್ಲದ್ದಕ್ಕೆ ಕಾರಣವೂ ಇತ್ತು. ಎರಡೂ ಒಂದೇ ಬಸ್ ಸಂಸ್ಥೆಯ ಡಿಪೋಗಳು. ಅದೇ ಖಾಕಿ, ಅದೇ ಬಣ್ಣದ ಬಸ್ಸು, ಅದೇ ಜೆರ್ಸಿ. ಅವರ ಮಟ್ಟಿಗೆ ಡಿಪೋ ಬದಲಾಗುವುದೆಂದರೆ ಮಾರ್ಗ ಬದಲಾದ ಹಾಗೆ. ಕ್ಲಬ್ಬು ಬದಲಾದ ಹಾಗಲ್ಲ.

ಆದರೆ ಕಪ್ಪಿನ ಸಮಿತಿಗೆ ಅವು ಎರಡು ಬೇರೆ ಕ್ಲಬ್ಬುಗಳು. ಅದರ ಕಟ್ಟಳೆ ಹಳೆಯದು, ಕಠಿಣವಾದದ್ದು: ಒಂದು ವರ್ಷಕ್ಕೆ ಒಬ್ಬ ಆಟಗಾರನಿಗೆ ಒಂದೇ ಕ್ಲಬ್ಬು. ಆ ಕ್ಲಬ್ಬು ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಗಿದ್ದರೂ ಅವನು ಆ ವರ್ಷ ಇನ್ನೊಬ್ಬರಿಗೆ ಆಡುವ ಹಾಗಿಲ್ಲ. ಆಡಿಸಿದ್ದು ಬಯಲಾದರೆ ಆಡಿಸಿದವರು ಕಪ್ಪಿನಿಂದ ಹೊರಗೆ. ಅಲ್ಲಿಯವರೆಗೆ ಗೆದ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗೋಡೆ ಈ ಡಿಪೋಕ್ಕೆ ಆಡಿದ ಪ್ರತಿ ಪಂದ್ಯವೂ ಆ ಹೊಳೆಯ ದಡದಲ್ಲಿ ನಿಂತಿತ್ತು.

ಮೈದಾನದ ಆಚೆ ಗುಜರಿಗೆ ಹಾಕಿದ ಬಸ್ಸೊಂದಿದೆ. ಚಕ್ರಗಳಿಲ್ಲ, ಎಂಜಿನ್ನಿಲ್ಲ, ಇಟ್ಟಿಗೆಗಳ ಮೇಲೆ ಕೂತಿದೆ. ಅದೇ ತಂಡದ ಬಟ್ಟೆ ಬದಲಾಯಿಸುವ ಕೋಣೆ, ಅದೇ ಮೇಷ್ಟ್ರ ಕಚೇರಿ. ಹಿಂದಿನ ಸೀಟುಗಳಲ್ಲಿ ಬೂಟುಗಳು, ಕಿಟಕಿಯ ಸರಳಿಗೆ ಒಣಗಲು ಹಾಕಿದ ಜೆರ್ಸಿಗಳು. ಮೇಷ್ಟ್ರು ಚಾಲಕನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಸೀಮೆಸುಣ್ಣದಿಂದ ಬಾಣದ ಗುರುತು ಬರೆಯುತ್ತಿದ್ದರು. ಎಲ್ಲಿಗೂ ಹೋಗದ ಬಸ್ಸಿನ ಚಾಲಕ ಎಂದು ಡಿಪೋದವರು ಅವರನ್ನು ಕಿಚಾಯಿಸುತ್ತಾರೆ. ಈ ಸಲ ಮಾತ್ರ ಎಲ್ಲಿಗೋ ಹೊರಟಿದ್ದರು.

ಮೇಡಂ ಹತ್ತಿ ಬಾಗಿಲ ಪಕ್ಕದ ಕಂಡಕ್ಟರ್ ಸೀಟಿನಲ್ಲಿ ಕೂತರು. ಇಬ್ಬರ ನಡುವೆ ಗೇರಿನ ಕೋಲೊಂದೇ ಇತ್ತು. ಅಷ್ಟು ಹತ್ತಿರದಲ್ಲಿ ಅವರ ಕಿವಿಯ ಮೇಲಿನ ಬಿಳಿ ಕೂದಲು, ಸರಿಯಾಗಿ ಹಾಕದ ಗುಂಡಿ, ಎಲ್ಲ ಕಂಡಿತು. ಆ ಗುಂಡಿ ಸರಿಮಾಡಬೇಕು ಎಂದು ಕೈ ತುಡಿಯಿತು. ಅರವತ್ತು ದಾಟಿದ ಮೇಲೂ ಕೈಗೆ ಬುದ್ಧಿ ಬರುವುದಿಲ್ಲ.

“ಏನಾದ್ರೂ ಸಿಕ್ತಾ, ಮೇಡಂ?”

ಫೋನು ಮಾಡಿದ ದಿನದಿಂದ ಅವರು ಹೀಗೇ ಕರೆಯುತ್ತಿದ್ದರು. ಮೇಡಂ, ನೀವು. ಊರಿನವರ ಎದುರು ಮರ್ಯಾದೆ ಎಂದುಕೊಂಡರೆ, ಯಾರೂ ಇಲ್ಲದಾಗಲೂ ಅದೇ.

ಮೇಡಂ ಫೋಟೋ ತೆಗೆದು ಹಲಗೆಯ ಮೇಲೆ, ಬಾಣಗಳ ನಡುವೆ, ಇಟ್ಟರು. ಮಾತಾಡಲಿಲ್ಲ. ಪೊಲೀಸ್ ಕೆಲಸದಲ್ಲಿ ಕಲಿತ ದೊಡ್ಡ ವಿದ್ಯೆಯೆಂದರೆ ಅದೇ: ಸುಮ್ಮನಿದ್ದರೆ ಎದುರಿನವನು ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಾನೆ.

ಮೇಷ್ಟ್ರು ನೋಡಿಕೊಂಡರು. ಕಿರುಬೆರಳು ಹಲಗೆಯ ಅಂಚಿನಲ್ಲಿತ್ತು. ಅದನ್ನು ಮೆಲ್ಲಗೆ ಒಳಕ್ಕೆ ಮಡಚಿಕೊಂಡರು.

“ಬೆವರು ಒರೆಸ್ತಿದ್ದೆ,” ಎಂದರು.

“ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತ ಬೇಕಾದ್ರೆ ಹೇಳಿ. ಆದ್ರೆ ಅವನ ಹಳೇ ಡಿಪೋ ಮೈದಾನ ನೋಡ್ಕೊಂಡು ಬಂದಿದ್ದೀನಿ, ಮೇಷ್ಟ್ರೇ. ಅಲ್ಲಿ ಮೊದಲನೇ ಸುತ್ತು ಆಡಿದ್ದಾನೆ ಅವನು.”

ಮೇಷ್ಟ್ರ ಕೈಯ ಸೀಮೆಸುಣ್ಣ ಮುರಿಯಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಮುಂದಿನ ಗಾಜಿನ ಆಚೆ, ತಮ್ಮ ಮೈದಾನದ ಕಡೆ ತಿರುಗಿದರು. ಆಮೇಲೆ ಹೇಳತೊಡಗಿದರು. ಬಹಳ ದಿನ ಹೊತ್ತ ಮೂಟೆ ಇಳಿಸುವವರ ಹಾಗೆ, ತಡೆದು ತಡೆದು.

ಮೊದಲು ತಮಗೂ ಗೊತ್ತಿರಲಿಲ್ಲವಂತೆ. ಕಳೆದ ಪಂದ್ಯಕ್ಕೆ ಮುಂಚೆ ಆ ಊರಿನ ಡ್ರೈವರೊಬ್ಬ ಬಸ್ಸು ನಿಲ್ಲಿಸಿ, ನಮ್ಮ ಗೋಲ್‌ಕೀಪರ್ ನಿಮಗೂ ಚೆನ್ನಾಗಿ ನಿಂತನಾ ಎಂದು ಕೇಳಿದ್ದ. ಮೇಷ್ಟ್ರು ಗೋಡೆಯನ್ನು ಕರೆದು ವಿಚಾರಿಸಿದರು. ಅವನು ಕಣ್ಣು ಕಣ್ಣು ಬಿಟ್ಟ. ಡಿಪೋ ಡಿಪೋ ಎಲ್ಲ ಒಂದೇ ಅಲ್ಲವಾ ಮೇಷ್ಟ್ರೇ ಎಂದ. ಆ ಮುಖಕ್ಕೆ ಬೈಯಲೂ ಆಗಲಿಲ್ಲ. ಈಗ ದೊಡ್ಡ ಪಂದ್ಯ ಬಂತು, ಟಿವಿಯವರು ಮನೆ ಬಾಗಿಲಿಗೆ ಬರತೊಡಗಿದರು. ಗೋಡೆಯ ಮುಖ ಒಂದು ಸಲ ದೇಶಕ್ಕೆಲ್ಲ ಕಂಡರೆ, ಆ ಊರಿನವರು ಖುಷಿಯಲ್ಲಿ ಕುಣಿದೇ ಎಲ್ಲವನ್ನೂ ಬಯಲು ಮಾಡುತ್ತಿದ್ದರು. ಅದಕ್ಕೇ ಬಂದರಿನ ಊರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಅವನನ್ನು ಕಳಿಸಿದ್ದರು. ಪಂದ್ಯ ಮುಗಿಯುವ ತನಕ. ಹೆಂಡತಿಗೆ ಹೇಳಲಿಲ್ಲ, ಏಕೆಂದರೆ ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ, ಮೇಲಾಗಿ ಆ ಹಳೆಯ ಡಿಪೋದ ಊರು ಅವಳ ತವರು.

“ಕಳೆದ ಪಂದ್ಯಕ್ಕೆ ಮುಂಚೆ ಗೊತ್ತಾಯ್ತು ಅಂದ್ರಿ,” ಎಂದರು ಮೇಡಂ. “ಆದ್ರೂ ಆ ಪಂದ್ಯ ಆಡಿಸಿದ್ರಿ.”

“ಆಡಿಸಿದೆ.”

“ಅಲ್ಲೀತನಕ ಅದು ತಪ್ಪು. ಆಮೇಲಿಂದು ಮೋಸ.”

“ಗೊತ್ತು.” ಮೇಷ್ಟ್ರು ತಿರುಗಿದರು. “ಈ ಸುತ್ತಿಗೆ ನಾನು ಒಂದೇ ಒಂದು ಸಲ ಬಂದಿದ್ದೆ. ಅವತ್ತು ಮಂಡಿ ಹೋಯ್ತು. ಅವತ್ತಿಂದ ಈ ಮೈದಾನದಲ್ಲಿ ಹುಲ್ಲು ಕೀಳ್ತಾ ಕೂತಿದ್ದೀನಿ, ಇನ್ನೊಂದ್ಸಲ ದೊಡ್ಡೋರು ಈ ಗೇಟಲ್ಲಿ ಬರೋದು ನೋಡೋಕೆ. ಬಾಗಿಲ ತನಕ ಬಂದಿತ್ತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ.”

ಆ ಮಂಡಿ ಹೋದ ವರ್ಷ ಮೇಡಂಗೂ ನೆನಪಿತ್ತು. ಪಂದ್ಯ ಮುಗಿದ ವಾರ ಮೇಷ್ಟ್ರು ಹಿರಿಯರ ಜೊತೆ ಮನೆಗೆ ಬಂದು ಹೆಣ್ಣು ಕೇಳುವುದೆಂದು ಮಾತಾಗಿತ್ತು. ಅಪ್ಪ ಹೊಸ ಅಂಗಿ ತೊಟ್ಟು ಕಾದಿದ್ದರು. ಮೇಡಂ ಒಳಬಾಗಿಲ ಹಿಂದೆ ನಿಂತು ಗೇಟಿನ ಸದ್ದಿಗೆ ಕಿವಿ ಕೊಟ್ಟಿದ್ದರು. ಗೇಟು ಸದ್ದು ಮಾಡಲೇ ಇಲ್ಲ. ಕುಂಟನಾದೆ, ಯಾವ ಮುಖ ಇಟ್ಕೊಂಡು ಕೇಳಲಿ ಎಂದು ಅವರು ಯಾರ ಬಳಿಯೋ ಅಂದದ್ದು ಎಷ್ಟೋ ಕಾಲದ ಮೇಲೆ ಕಿವಿಗೆ ಬಿತ್ತು. ಅಷ್ಟರಲ್ಲಿ ಮೇಷ್ಟ್ರ ಮದುವೆಯೂ ಆಗಿತ್ತು. ಹೆಂಡತಿ ತೀರಿಕೊಂಡು ಈಗ ಕೆಲವು ವರ್ಷ. ಮಗಳು ಗಂಡನ ಊರಿನಲ್ಲಿ. ಮೇಡಂ ಮದುವೆಯ ತಂಟೆಗೇ ಹೋಗಲಿಲ್ಲ. ಬಡ್ತಿ ಬಂತು, ವರ್ಗ ಬಂತು, ನಿವೃತ್ತಿ ಬಂತು. ಯಾವ ಮನೆಯಲ್ಲಿದ್ದರೂ ಗೇಟು ಸದ್ದಾದರೆ ಒಂದು ಸಲ ಎದೆ ಹೊಡೆದುಕೊಳ್ಳುತ್ತಿತ್ತು. ಹಾಲಿನವನು ಬಂದರೂ ಅಷ್ಟೇ.

“ಪತ್ತೆ ಮಾಡೋರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನನ್ನೇ ಯಾಕೆ ಕರೆದ್ರಿ?”

ಮೇಷ್ಟ್ರು ಮುರಿದ ಸೀಮೆಸುಣ್ಣವನ್ನು ಕಾಲಿಂದ ಸರಿಸಿದರು.

“ಗೋಡೆ ಹೆಂಡತಿ ಪೊಲೀಸಿಗೆ ಹೋಗ್ತೀನಿ ಅಂತ ಹಟ ಹಿಡಿದಳು. ಪೊಲೀಸು ಅಂದ್ರೆ ಪೇಪರು. ಯಾರನ್ನಾದ್ರೂ ಕರೆಸಬೇಕಿತ್ತು.”

“ನಿಧಾನವಾಗಿ ಹುಡುಕೋರನ್ನ.”

“ಅಲ್ಲ.” ಅವರ ದನಿ ತಗ್ಗಿತು. “ಹುಡುಕಿದ್ರೂ ನನ್ನ ಹಿಡಿದುಕೊಡದೇ ಇರೋರನ್ನ.”

ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡು ಬಂದದ್ದನ್ನು ಈ ಮನುಷ್ಯ ದೂರದಲ್ಲಿ ಕೂತೇ ತೂಗಿ, ಭಾನುವಾರದ ಪಂದ್ಯಕ್ಕೆ ಅಡವಿಟ್ಟಿದ್ದರು. ಎದ್ದು ಹೋಗಬೇಕಿತ್ತು. ಸಮಿತಿಯ ಕಚೇರಿಗೆ ಒಂದು ಫೋನು ಸಾಕಿತ್ತು. ಇಡೀ ನೌಕರಿಯಲ್ಲಿ ಒಂದು ಸುಳ್ಳು ಹೇಳಿಕೆಗೂ ಸಹಿ ಹಾಕಿದವರಲ್ಲ ಅವರು.

“ನಿನ್ನ ಒಂದ್ಸಲ ನೋಡಬೇಕು ಅನ್ನಿಸಿತ್ತು,” ಎಂದರು ಮೇಷ್ಟ್ರು. “ನೆಪ ಸಿಕ್ತು. ಅದೂ ಸುಳ್ಳಲ್ಲ.”

ನಿನ್ನ ಅಂದಿದ್ದರು.

ಏನು ಮಾಡುತ್ತೀರಿ? ಇಂಥ ಮಾತು ಬರುವುದಾದರೆ ಬರಬೇಕಾದ ಕಾಲಕ್ಕೆ ಬರಬೇಕಿತ್ತು. ಬಾರದೆ ಇರುವುದಾದರೆ ಈಗಲೂ ಬಾರದೆ ಇರಬೇಕಿತ್ತು. ಮೇಡಂ ಕಿಟಕಿಯ ಕಡೆ ತಿರುಗಿ, ಒಣಗಿದ ಜೆರ್ಸಿಯೊಂದನ್ನು ಸುಮ್ಮನೆ ಮಡಿಸತೊಡಗಿದರು. ಅವರಿಗೆ ಆ ಕ್ಷಣ ಬೇಕಿದ್ದದ್ದು ನ್ಯಾಯವಲ್ಲ. ಆ ದನಿ ಇನ್ನೊಂದು ಸಲ ಹಾಗೆ ಮಾತಾಡುವುದು ಬೇಕಿತ್ತು, ಅಷ್ಟೇ. ಅದಕ್ಕೆ ಏನು ಕೊಡಬೇಕಾದೀತು ಎಂದು ಗೊತ್ತಿದ್ದೂ ಬೇಕಿತ್ತು.

“ಸಮಿತಿಗೆ ನಾನು ಹೇಳಲ್ಲ,” ಎಂದರು ಕೊನೆಗೆ. “ಒಂದು ಕೆಲಸ ಮಾಡಬೇಕು. ಆ ಹುಡುಗೀನ ಈಗಲೇ ಕರೀರಿ. ಗಂಡನ ದನಿ ಕೇಳಿಸಿ. ಯಾಕೆ ಎತ್ತ ಅಂತ ಆಮೇಲೆ ನೋಡ್ಕೊಳ್ಳೋಣ. ಕಾಯೋದು ಏನು ಅಂತ ನಿಮಗೆ ಗೊತ್ತಿಲ್ಲ.”

ಮೇಷ್ಟ್ರು ವಾದಿಸಲಿಲ್ಲ. ಚೆಕಿಂಗನ್ನು ಓಡಿಸಿ ಹೇಳಿ ಕಳಿಸಿದರು.

ಗೋಡೆಯ ಹೆಂಡತಿ ಓಡುತ್ತಲೇ ಬಂದಳು, ಸೀರೆಗೆ ನೂಲು ಅಂಟಿಕೊಂಡಿತ್ತು, ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಅಂಗುಸ್ತಾನ ಹಾಗೇ ಇತ್ತು. ಗಂಡ ಕ್ಷೇಮವಾಗಿದ್ದಾನೆ, ನಮ್ಮಕ್ಕನ ಮನೆಯಲ್ಲಿದ್ದಾನೆ, ಟಿವಿಯವರ ಕಾಟ ಬೇಡವೆಂದು ನಾನೇ ಕಳಿಸಿದ್ದೆ ಎಂದು ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು. ಆಕೆ ಸಿಟ್ಟಾಗಲಿಲ್ಲ. ಸಿಟ್ಟು ಆಮೇಲೆ ಬರುತ್ತಿತ್ತೇನೋ. ಮೇಡಂ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಅವರ ಭುಜಕ್ಕೆ ಹಣೆ ಒತ್ತಿ, ಬಿಕ್ಕಿದಳು. ಮೇಡಂ ಆಕೆಯ ತಲೆ ಸವರಿದರು. ಯಾರದ್ದಾದರೂ ಕಾಯುವಿಕೆ ಮುಗಿಯುವುದನ್ನು ಹತ್ತಿರದಿಂದ ನೋಡುವುದೂ ಒಂದು ಸುಖವೇ.

ಮೇಷ್ಟ್ರು ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಬಾನೆಟ್ಟಿನ ಮೇಲಿಟ್ಟರು.

“ಏನೋ ತಮ್ಮ, ಈಗ ಬಂತಾ ನೆನಪು?” ಅಕ್ಕನ ದನಿ ಬಸ್ಸು ತುಂಬಿತು. “ನಿನ್ನೆ ಸಂಜೆ ಎಷ್ಟು ಸಲ ಫೋನು ಮಾಡಿದೆ. ಎತ್ತಬಾರದಾ?”

ಗೋಡೆಗೆ ಕೊಡು ಅಕ್ಕ, ಅವನ ಹೆಂಡತಿ ಬಂದಿದ್ದಾಳೆ ಎಂದರು ಮೇಷ್ಟ್ರು.

ಆ ಕಡೆ ಅಕ್ಕನ ದನಿ ಏರಿತು.

“ಅವನೆಲ್ಲಿದ್ದಾನೆ ಇಲ್ಲಿ? ನಿನ್ನೆ ಸಂಜೆಯೇ ಕಳಿಸಿಕೊಟ್ಟೆನಲ್ಲ. ನೀನೇ ಕಾರು ಕಳಿಸಿದ್ದೆ ಅಂದಳಲ್ಲ ಆಕೆ.”

“ಯಾರು?”

“ಒಬ್ಬಳು ಹೆಂಗಸು. ನಿನ್ನ ವಯಸ್ಸಿನವಳೇ. ಹಿಂದೆ ಪೊಲೀಸಲ್ಲಿದ್ದೆ, ಈ ಕೇಸು ನಾನೇ ನೋಡ್ತಿರೋದು ಅಂದಳು. ಹುಡುಗ ಹೋಗೋಕೆ ಹಿಂದೆಮುಂದೆ ನೋಡಿದ. ನನಗೂ ಅನುಮಾನ ಬಂತು, ಹೆಸರೇನಮ್ಮ ಅಂತ ಕೇಳಿದೆ. ‘ಗುಬ್ಬಿ ಬಂದಿದ್ದಳು ಅಂತ ಹೇಳಿ, ನಿಮ್ಮ ತಮ್ಮಂಗೆ ಗೊತ್ತಾಗುತ್ತೆ’ ಅಂದಳು. ಅಷ್ಟು ಸಲಿಗೆಯಲ್ಲಿ ಹೇಳಿದ್ಮೇಲೆ ಇನ್ನೇನು ಕೇಳೋದು? ಯಾಕೋ, ಏನಾಯ್ತು?”

ಮೇಷ್ಟ್ರು ಫೋನು ಆರಿಸಿದರು.

ಗುಬ್ಬಿ. ಅಳತೆ ಮೀರಿದ ಖಾಕಿಯೊಳಗೆ ಗೇಟಿನ ಬಳಿ ಕುಪ್ಪಳಿಸುತ್ತಿದ್ದ ಹುಡುಗಿಗೆ, ಬೆರಳಿಗೆ ಕರವಸ್ತ್ರ ಕಟ್ಟಿಸಿಕೊಳ್ಳುತ್ತ ಅವನು ಇಟ್ಟ ಹೆಸರು. ಆಕೆ ಅದನ್ನು ಅಪ್ಪ ಅಮ್ಮನಿಗೂ ಹೇಳಿರಲಿಲ್ಲ, ಗೆಳತಿಯರಿಗೂ ಹೇಳಿರಲಿಲ್ಲ. ಲೋಕದಲ್ಲಿ ಅದು ಇಬ್ಬರಿಗೇ ಗೊತ್ತಿತ್ತು. ಇನ್ನೊಂದೇ ಒಂದು ಸಲ ಆ ಹೆಸರು ಕಿವಿಗೆ ಬಿದ್ದರೆ ಸಾಕು ಎಂದು ಎಷ್ಟು ಸಂಜೆಗಳು ಹಾರೈಸಿದ್ದರೋ. ಬಿತ್ತು. ಹೀಗೆ.

ತೋಳಿನ ಮೇಲಿದ್ದ ಹಿಡಿತ ಸಡಿಲಾಯಿತು. ಗೋಡೆಯ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದು, ಮೇಡಂ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

“ನನ್ನ ಗಂಡನ್ನ ಎಲ್ಲಿಟ್ಟಿದ್ದೀರಿ?” ಎಂದಳು, ಬಹಳ ಮೆಲ್ಲಗೆ.

ಮೇಡಂ ಮೇಷ್ಟ್ರ ಕಡೆ ತಿರುಗಿದರು. ಅವರಾದರೂ ಹೇಳುತ್ತಾರೆ, ಈಕೆ ಅಂಥವಳಲ್ಲ ಎನ್ನುತ್ತಾರೆ ಎಂದು. ಮೇಷ್ಟ್ರು ಹಲಗೆಯ ಮೇಲಿನ ಬಾಣಗಳನ್ನು ಅಂಗೈಯಿಂದ ಒರೆಸುತ್ತಿದ್ದರು. ತಲೆ ಎತ್ತಿದಾಗ ಕಣ್ಣಿನಲ್ಲಿ ಸ್ವಲ್ಪ ಹೊತ್ತಿನ ಹಿಂದೆ ಇದ್ದದ್ದು ಇರಲಿಲ್ಲ.

“ನಾನು ನಿನ್ನೆ ಸಂಜೆ ತಲೆನೋವು ಅಂತ ಮನೇಲೇ ಮಲಗಿಬಿಟ್ಟಿದ್ದೆ,” ಎಂದರು. “ಅದಕ್ಕೇ ಅಕ್ಕನ ಫೋನು ಎತ್ತಲಿಲ್ಲ. ಹೊರಗೆ ಕಾಲಿಟ್ಟಿಲ್ಲ. ನೀವು ಎಲ್ಲಿದ್ದಿರಿ, ಮೇಡಂ?”

ಹೇಳಬಹುದಿತ್ತು. ಹೇಳುವುದಾದರೆ ಇವಳ ಎದುರು, ಬಾಗಿಲಲ್ಲಿ ಕಿವಿ ಚಾಚಿ ನಿಂತ ಚೆಕಿಂಗಿನ ಎದುರು ಹೇಳಬೇಕಿತ್ತು.

ನಿನ್ನೆ ಸಂಜೆ ಮೇಡಂ ಮೇಷ್ಟ್ರ ಮನೆಯ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ಕೇಸಿನ ವಿಷಯ ಮಾತಾಡುವ ನೆಪ ಕಟ್ಟಿಕೊಂಡು ಹೋದವರಿಗೆ ರಸ್ತೆ ದಾಟುವ ಧೈರ್ಯ ಬರಲಿಲ್ಲ. ಬಾಗಿಲು ತೆರೆದು ಅವರು ಬಾ ಅನ್ನಬೇಕು, ಅಷ್ಟೇ ಬೇಕಿತ್ತು. ಬಸ್ಸುಗಳು ಬಂದು ನಿಂತು, ಹತ್ತುತ್ತೀರಾ ಎಂದು ಕಂಡಕ್ಟರುಗಳು ಕೇಳಿ, ಹೋದವು. ಬೀದಿದೀಪಗಳು ಹತ್ತಿದವು. ಅವರ ಕಿಟಕಿಯಲ್ಲಿ ಬೆಳಕು ಬರಲಿಲ್ಲ. ಕೊನೆಗೆ ಮನಸ್ಸು ಗಟ್ಟಿಮಾಡಿ ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಲೆಂದು ಕೈ ಎತ್ತಿದ್ದರು.

ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.